ಒಂದೇ ಹೊಲ, ನಾಲ್ಕು ಜಿಲ್ಲೆ

ಮಾಗಡಿ ತಾಲ್ಲೂಕು ತಿಪ್ಪಸಂದ್ರ ಹೋಬಳಿಯ ಯಾವುದಾದರೂ ಒಂದು ರಾಗಿ ಹೊಲವನ್ನು ತೆಗೆದುಕೊಳ್ಳಿ. 1973ರ ನವೆಂಬರ್ 1ರವರೆಗೆ ಅದು ಮೈಸೂರು ರಾಜ್ಯದ ಬೆಂಗಳೂರು ಜಿಲ್ಲೆಯಲ್ಲಿತ್ತು. ಆಮೇಲೆ ಕರ್ನಾಟಕ ರಾಜ್ಯದ ಬೆಂಗಳೂರು ಜಿಲ್ಲೆಗೆ ಬಂತು. 1986ರ ಆಗಸ್ಟ್ 15ರಂದು ಜಿಲ್ಲೆಯನ್ನು ಎರಡು ಮಾಡಿದಾಗ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು. 2007ರ ಆಗಸ್ಟ್‌ನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಒಟ್ಟಾಗಿ ಹೊಸ ಜಿಲ್ಲೆಯಾದಾಗ ರಾಮನಗರಕ್ಕೆ ಹೋಯಿತು. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಇಷ್ಟೆಲ್ಲ ಓಡಾಟದಲ್ಲಿ ಹೊಲ ಒಂದು ಗೇಣು ಅಲುಗಿಲ್ಲ. ಬದಲಾದದ್ದು ಕಾಗದ.

ಒಳಗೊಳಗೆ ಅಡಗಿರುವ ಮಾಹಿತಿಯಲ್ಲಿ ಒಂದು ಭಾಗವನ್ನೋ, ಹಲವು ಭಾಗಗಳನ್ನು ಒಟ್ಟಿಗೋ ಬದಲಿಸಬೇಕು, ಉಳಿದದ್ದು ಕೆಡಬಾರದು. ಇದು ಕಂದಾಯ ಇಲಾಖೆಯ ಹಳೆಯ ತಲೆನೋವು. ಇದೇ ತಲೆನೋವಿಗೆ ಕಂಪ್ಯೂಟರ್ ವಿಜ್ಞಾನದವರು ಕಳೆದ 40 ವರ್ಷಗಳಲ್ಲಿ ಒಂದು ಮದ್ದು ಕಂಡುಕೊಂಡಿದ್ದಾರೆ, ಅದಕ್ಕೆ ಲೆನ್ಸ್ ಎಂದು ಹೆಸರಿಟ್ಟಿದ್ದಾರೆ. ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವವನೂ ತಿಪ್ಪಸಂದ್ರ ಹೋಬಳಿಯಲ್ಲಿ ಪಿತ್ರಾರ್ಜಿತ ಜಮೀನು ಇರುವವನೂ ಆದ ನನಗೆ ಈ ಎರಡು ಚರಿತ್ರೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆನ್ನಿಸಿ ಬಹಳ ದಿನವಾಗಿತ್ತು.

ಮೊದಲು ವಿಳಾಸದ ಮಾತು. ಬರೀ ‘ತಿಪ್ಪಸಂದ್ರ’ ಎಂದರೆ ಬೆಂಗಳೂರಿನ ಆಟೋದವರು ಇಂದಿರಾನಗರದ ಪಕ್ಕದ ಹೊಸ ತಿಪ್ಪಸಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನನ್ನಂಥ ಪ್ರೋಗ್ರಾಮರುಗಳು ಬಾಡಿಗೆ ಮನೆ ಹಿಡಿದು ಕೂತಿರುತ್ತಾರೆ. ಆದ್ದರಿಂದಲೇ ನಮ್ಮ ಕ್ರಯಪತ್ರಗಳು ಹೆಸರನ್ನು ಒಂಟಿಯಾಗಿ ಬಿಡುವುದಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ, ಇಂಥವರ ಮಗ ಇಂಥವರು ಎಂದು ದೊಡ್ಡದರಿಂದ ಚಿಕ್ಕದಕ್ಕೆ ಒಂದೊಂದೇ ಬಾಗಿಲು ತೆಗೆದು ಒಳಗೆ ಹೋಗುತ್ತವೆ. ಇಂಗ್ಲಿಷಿನ ವಿಳಾಸ ತಲೆಕೆಳಗು, ಮನೆ ನಂಬರಿನಿಂದ ಶುರುವಾಗಿ ದೇಶದಲ್ಲಿ ಮುಗಿಯುತ್ತದೆ. ಲೆನ್ಸುಗಳನ್ನು ಜೋಡಿಸುವ ಕ್ರಮ ನಮ್ಮ ಪತ್ರಬರಹಗಾರರ ಕ್ರಮವೇ. ಹೊರಗಿನದು ಮೊದಲು, ಒಳಗಿನದು ಕೊನೆಗೆ. ಹ್ಯಾಸ್ಕೆಲ್ ಭಾಷೆಯಲ್ಲಿ ನಡುವೆ ಒಂದೊಂದು ಚುಕ್ಕಿ ಇಡುತ್ತಾರೆ, ಪತ್ರಬರಹಗಾರರು ಅಲ್ಪವಿರಾಮ ಇಡುತ್ತಾರೆ.

ಇನ್ನು ಬದಲಾವಣೆಯ ಮಾತು. ಶಾನುಭೋಗರ ಕಾಲದಲ್ಲಿ ಲೆಕ್ಕ ಕಡತದಲ್ಲಿರುತ್ತಿತ್ತು. ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆ ಬೀಜದ ಅಂಟು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆಯಬೇಕು. ಬೇಡವೆಂದರೆ ಒರೆಸಬಹುದು, ಮತ್ತೆ ಬರೆಯಬಹುದು. ಬಟ್ಟೆ ತುಟ್ಟಿಯಾದ ಕಾಲಕ್ಕೆ ಅದು ಜಾಣ ಏರ್ಪಾಡು. ಆದರೆ ಒರೆಸಿದ ಮೇಲೆ ಮೊದಲು ಏನಿತ್ತು ಎಂದು ಹೇಳಬಲ್ಲವರು ಶಾನುಭೋಗರು ಮಾತ್ರ. ಹಳ್ಳಿಯ ಜಮೀನಿನ ನೆನಪೆಲ್ಲ ಒಬ್ಬರ ತಲೆಯಲ್ಲಿ, ಒಬ್ಬರ ಮನೆಯ ಅಟ್ಟದಲ್ಲಿ ಇದ್ದಂತೆ. ಇಂದು ಸರ್ಕಾರಿ ಕಚೇರಿಗಳಲ್ಲಿ ‘ಕಡತ’ ಎಂದರೆ ಒಂದು ಹಾಳೆಯೂ ಕಳೆಯಬಾರದ ಫೈಲು. ಒರೆಸುವ ವಸ್ತುವಿನ ಹೆಸರೇ ಒರೆಸಬಾರದ ವಸ್ತುವಿಗೆ ಬಂದು ಕೂತಿದೆ.

1863ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ, ಮೈಸೂರಿನಲ್ಲಿ ಕಂದಾಯ ಸರ್ವೆ ಇಲಾಖೆ ಶುರುವಾಯಿತು. ಹೊಲಗಳಿಗೆ ನಂಬರು ಬಿತ್ತು, ಟಿಪ್ಪಣಿ, ಆಕಾರಬಂದು ಬಂದವು. ನೂರು ವರ್ಷದ ಮೇಲೆ, 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು, ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆ ಹಕ್ಕು ಬದಲಾವಣೆಗೆ ಒಂದು ಶಿಸ್ತು ಹಾಕಿಕೊಟ್ಟಿತು. ಮಾರಾಟವೋ ಪಾಲೋ ಸಾವೋ ಆದರೆ ವರದಿ ಕೊಡಬೇಕು, ನೋಟೀಸು ಹಚ್ಚಬೇಕು, ತಕರಾರು ಇದ್ದರೆ ಕೇಳಬೇಕು, ಆಮೇಲೆ ಮ್ಯುಟೇಶನ್ ರಿಜಿಸ್ಟರಿನಲ್ಲಿ ನಮೂದಿಸಬೇಕು. ಅದರ ನಂಬರೇ ಜನ ಹೇಳುವ ‘ಎಂ.ಆರ್. ನಂಬರ್’. ಹಳೆಯ ಹೆಸರನ್ನು ಒರೆಸುವ ಹಾಗಿಲ್ಲ. ಅದನ್ನು ಕಂಸಕ್ಕೆ ಹಾಕಿ, ಹೊಸ ಹೆಸರು ಬರೆದು, ಪಕ್ಕದ ಕಾಲಂನಲ್ಲಿ ಎಂ.ಆರ್. ನಂಬರು ಹಾಕಬೇಕು. ಅದನ್ನು ಹಿಡಿದು ಹಿಂದೆ ಹೋದರೆ ಹಿಂದಿನ ಮಾಲೀಕ ಸಿಗುತ್ತಾನೆ, ಅವನಿಂದ ಅವನ ಹಿಂದಿನವನು.

ಇಲ್ಲೊಂದು ತಮಾಷೆ ಇದೆ. ಪ್ರೋಗ್ರಾಮಿಂಗಿನಲ್ಲೂ ‘ಮ್ಯುಟೇಶನ್’ ಎಂಬ ಮಾತಿದೆ, ಅರ್ಥ ಪೂರ್ತಿ ಉಲ್ಟಾ. ಅಲ್ಲಿ ಮ್ಯುಟೇಶನ್ ಎಂದರೆ ಇದ್ದ ಜಾಗದಲ್ಲೇ ಒರೆಸಿ ಬರೆಯುವುದು, ಅಂದರೆ ಶಾನುಭೋಗರ ಕಡತ. ಫಂಕ್ಷನಲ್ ಪ್ರೋಗ್ರಾಮಿಂಗ್ ಮಾಡುವವರಿಗೆ ಅದು ಮಡಿಗೆ ವಿರುದ್ಧ. ಅವರು ಬಯಸುವುದು ತಾಲ್ಲೂಕು ಕಚೇರಿಯ ಮ್ಯುಟೇಶನ್. ಹಳೆಯದು ಹಾಗೇ ಇರಲಿ, ಬದಲಾವಣೆ ಸೇರಿದ ಹೊಸ ಪ್ರತಿ ಹುಟ್ಟಲಿ, ಹಳೆಯದನ್ನು ಹಿಡಿದುಕೊಂಡಿರುವವರಿಗೆ ತೊಂದರೆಯಾಗದಿರಲಿ.

ಆದರೆ ಒರೆಸದೆ ಬದಲಿಸುವುದಕ್ಕೆ ಬೆಲೆ ತೆರಬೇಕು. ಒಬ್ಬ ಮಾಲೀಕರ ಹೆಸರಿನಲ್ಲಿ ‘ಲ’ ಇರುವಲ್ಲಿ ‘ಳ’ ಮಾಡಬೇಕು ಎನ್ನಿ. ಮಾಲೀಕರ ದಾಖಲೆ ಹೊಸದಾಗಬೇಕು, ಅದನ್ನು ಒಳಗೊಂಡ ಹಿಸ್ಸಾ ಹೊಸದಾಗಬೇಕು, ಹಿಸ್ಸಾವನ್ನು ಒಳಗೊಂಡ ಸರ್ವೆ ನಂಬರು, ಗ್ರಾಮ, ಹೋಬಳಿ, ಹೀಗೆ ಮೇಲಿನವರೆಗೂ. ದಾರಿಯಲ್ಲಿ ಸಿಗುವವು ಮಾತ್ರ ಹೊಸದು, ಉಳಿದ ಗ್ರಾಮಗಳನ್ನೆಲ್ಲ ಹಳೆಯ ಪ್ರತಿಯೂ ಹೊಸ ಪ್ರತಿಯೂ ಹಂಚಿಕೊಳ್ಳುತ್ತವೆ, ಆದ್ದರಿಂದ ಕಂಪ್ಯೂಟರಿಗೆ ಅಷ್ಟು ಕಷ್ಟವಿಲ್ಲ. ಕಷ್ಟ ಬರೆಯುವವನಿಗೆ. ಆರು ಬಾಗಿಲು ತೆಗೆದು ಒಳಗೆ ಹೋಗಿ, ಒಂದು ಅಕ್ಷರ ತಿದ್ದಿ, ಆರು ಬಾಗಿಲನ್ನೂ ಕ್ರಮವಾಗಿ ಹಾಕಿಕೊಂಡು ಹೊರಗೆ ಬರಬೇಕು. ರಿಯಾಕ್ಟ್‌ನಲ್ಲಿ ವೆಬ್ ಪುಟ ಬರೆದವರು ಮೂರು ಚುಕ್ಕಿಗಳ ಸಾಲುಗಳನ್ನು ಒಂದರೊಳಗೊಂದು ಬರೆದು ಸುಸ್ತಾಗಿರುವುದು ಈ ಕಾರಣಕ್ಕೇ.

ಇದರ ಬೇರು ಡೇಟಾಬೇಸ್ ಲೋಕದಲ್ಲಿದೆ. 1981ರಲ್ಲಿ ಬ್ಯಾನ್ಸಿಲೋನ್ ಮತ್ತು ಸ್ಪೈರಾಟೋಸ್ ಎಂಬಿಬ್ಬರು ಒಂದು ಪ್ರಶ್ನೆಯನ್ನು ಗಣಿತದಲ್ಲಿ ಹಿಡಿದಿಟ್ಟರು. ದೊಡ್ಡ ದಾಖಲೆಯ ಒಂದು ನೋಟ ಮಾತ್ರ ನನ್ನ ಕೈಲಿದೆ, ನಾನು ನೋಟವನ್ನು ತಿದ್ದಿದರೆ ಮೂಲ ಹೇಗೆ ಬದಲಾಗಬೇಕು? ಅವರ ಉತ್ತರದ ತಿರುಳು: ನೋಟಕ್ಕೆ ಬಾರದ ಭಾಗವನ್ನು ಗುರುತಿಸಿ, ಅದು ಸ್ಥಿರವಾಗಿರುವಂತೆ ಬದಲಿಸಿ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಪತ್ರಗಳ ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇನ್ನೊಬ್ಬರ ಜಮೀನು. ಯಾವುದು ಕೈ ಬದಲಿಸುತ್ತಿದೆ ಎಂದು ಹೇಳಲು ಯಾವುದು ಬದಲಾಗುತ್ತಿಲ್ಲ ಎಂದು ಹೇಳುವುದು.

ಲೆನ್ಸ್ ಎಂಬ ಹೆಸರು ಬಂದದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಪಿಯರ್ಸ್ ಮತ್ತು ಜೊತೆಗಾರರ ‘ಹಾರ್ಮನಿ’ ಯೋಜನೆಯಿಂದ. ಬೇರೆ ಬೇರೆ ಬ್ರೌಸರುಗಳ ಬುಕ್‌ಮಾರ್ಕುಗಳಂಥ ದಾಖಲೆಗಳನ್ನು ಒಂದಕ್ಕೊಂದು ತಾಳೆ ಮಾಡುವುದು ಅವರ ಉದ್ದೇಶವಾಗಿತ್ತು. 2005ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಹೇಳಿದ್ದು ಸರಳ. ಲೆನ್ಸ್ ಎಂದರೆ ಎರಡು ಕೆಲಸಗಳ ಜೋಡಿ, ಒಳಗಿನದನ್ನು ನೋಡುವುದು ಮತ್ತು ಒಳಗಿನದನ್ನು ಹೊಸದಾಗಿ ಇಟ್ಟು ಪೂರ್ತಿಯನ್ನು ಮರಳಿ ಕೊಡುವುದು. ಶಾಲೆಯ ಪುಸ್ತಕದಲ್ಲಿ ಲೆನ್ಸಿಗೆ ಮಸೂರ ಎಂದು ಕಲಿತಿದ್ದೇವೆ. ಗಾಜಿನ ಮಸೂರದಿಂದ ನೋಡಬಹುದಷ್ಟೆ, ಈ ಮಸೂರದ ಮೂಲಕ ಕೈ ಹಾಕಿ ತಿದ್ದಲೂಬಹುದು.

ತಿದ್ದುವ ಕೈಗೆ ಮೂರು ಕಟ್ಟಲೆಗಳಿವೆ. ಪಹಣಿಯಲ್ಲಿರುವ ಹೆಸರನ್ನು ನೋಡಿ ಅದನ್ನೇ ಮತ್ತೆ ಬರೆದರೆ ಪಹಣಿ ಒಂದಿಷ್ಟೂ ಬದಲಾಗಬಾರದು. ಒಂದು ಹೆಸರು ಬರೆದು ಕೂಡಲೇ ನೋಡಿದರೆ ಬರೆದ ಹೆಸರೇ ಕಾಣಬೇಕು. ಎರಡು ಸಲ ಬರೆದರೆ ಎರಡನೆಯ ಸಲದ್ದೊಂದೇ ಬರೆದಂತಿರಬೇಕು. ಇದನ್ನೇನು ಹೇಳುವುದು, ಎಲ್ಲರಿಗೂ ಗೊತ್ತಿರುವುದೇ ಎನ್ನಿಸಬಹುದು. ಹೆಸರಿನ ತಿದ್ದುಪಡಿಗೆ ಹೋಗಿ, ಹೊಸ ಪಹಣಿಯಲ್ಲಿ ಹೆಸರು ಸರಿಯಾಗಿ ವಿಸ್ತೀರ್ಣ ತಪ್ಪಾಗಿ ಬಂದದ್ದನ್ನು ಕಂಡವರಿಗೆ ಹಾಗೆನ್ನಿಸುವುದಿಲ್ಲ.

2009ರಲ್ಲಿ ಟ್ವಾನ್ ವ್ಯಾನ್ ಲಾರ್‌ಹೋವನ್ ಈ ಜೋಡಿಯನ್ನು ಒಂದೇ ಫಂಕ್ಷನ್ನಿನಲ್ಲಿ ಅಡಗಿಸಬಹುದೆಂದು ತೋರಿಸಿದ. ಒಳಗಿನ ಚೂರನ್ನು ಏನು ಮಾಡಬೇಕೆಂದು ನೀವು ಹೇಳಿ, ಪೂರ್ತಿಯನ್ನು ಏನು ಮಾಡಬೇಕೆಂದು ಅದು ಹೇಳುತ್ತದೆ. ಇದರಿಂದ ಲೆನ್ಸುಗಳನ್ನು ಜೋಡಿಸಲು ಹೊಸ ಯಂತ್ರವೇ ಬೇಡವಾಯಿತು, ಫಂಕ್ಷನ್ ಜೋಡಿಸುವ ಚುಕ್ಕಿಯೇ ಸಾಕು. ಇನ್ನೂ ದೊಡ್ಡ ಲಾಭ ಆಮೇಲೆ ಕಂಡಿತು. ಅದೇ ರೂಪದಲ್ಲಿ ಒಂದು ಸಣ್ಣ ಬೇಡಿಕೆಯನ್ನು ಬಿಗಿ ಮಾಡಿದರೆ, ಹಲವು ಕಡೆಯ ಫಲಿತಗಳನ್ನು ಒಟ್ಟುಗೂಡಿಸುವ ಶಕ್ತಿ ಬೇಕೆಂದು ಕೇಳಿದರೆ, ಒಂದು ಜಾಗದ ಬದಲು ಹಲವು ಜಾಗಗಳನ್ನು ಒಂದೇ ಸಲ ಮುಟ್ಟುವ ಸಾಧನ ಸಿಗುತ್ತದೆ. ಆ ಶಕ್ತಿಗೆ ಅಪ್ಲಿಕೇಟಿವ್ ಎಂದು 2008ರಲ್ಲಿ ಮ್ಯಾಕ್‌ಬ್ರೈಡ್ ಮತ್ತು ಪ್ಯಾಟರ್ಸನ್ ಹೆಸರಿಟ್ಟಿದ್ದರು, ಸಾಧನಕ್ಕೆ ಟ್ರಾವರ್ಸಲ್ ಎನ್ನುತ್ತಾರೆ. 2012ರಲ್ಲಿ ಎಡ್ವರ್ಡ್ ಕ್ಮೆಟ್ ಇವೆಲ್ಲವನ್ನೂ ಕೂಡಿಸಿ ಹ್ಯಾಸ್ಕೆಲ್‌ಗೆ ‘ಲೆನ್ಸ್’ ಎಂಬ ಲೈಬ್ರರಿ ಕೊಟ್ಟ. ಅದರ ದಸ್ತಾವೇಜು ಓದಲು ಆಂಜನೇಯನ ಧೈರ್ಯ ಬೇಕು, ಬಳಸಲು ಅಷ್ಟು ಬೇಡ.

ಟ್ರಾವರ್ಸಲ್ಲಿನ ಗುಣ ಏನೆಂದರೆ, ಹಲವು ಕಡೆ ಬದಲಿಸುವಾಗ ಒಂದು ಕಡೆ ಸೋತರೆ ಒಟ್ಟೂ ಸೋಲುವಂತೆ ಹೇಳಬಹುದು. ಅರ್ಧ ಬದಲಾಗಿ ಅರ್ಧ ಉಳಿಯುವ ಅವಸ್ಥೆ ಇಲ್ಲ. ಕರ್ನಾಟಕದ ರೈತರಿಗೆ ಈ ಅರ್ಧ ಅವಸ್ಥೆ ಚೆನ್ನಾಗಿ ಗೊತ್ತು. ‘ಕಾಲಂ 3, ಕಾಲಂ 9 ತಾಳೆಯಿಲ್ಲ’ ಎಂಬುದು ಅದರ ಹೆಸರು. ಪಹಣಿಯ 3ನೇ ಕಾಲಂನಲ್ಲಿ ಜಮೀನಿನ ವಿಸ್ತೀರ್ಣ, 9ರಲ್ಲಿ ಮಾಲೀಕರ ಹೆಸರಿನೊಂದಿಗೆ ಅವರವರ ವಿಸ್ತೀರ್ಣ. 9ರ ಮೊತ್ತ 3ಕ್ಕೆ ಸಮನಾಗಬೇಕು. ಮಾರಾಟವಾದಾಗ ಕೊಂಡವರ ಹೆಸರಿಗೆ ಗುಂಟೆ ಸೇರಿಸಿ, ಮಾರಿದವರ ಹೆಸರಲ್ಲಿ ಕಳೆಯುವುದು ಬಿಟ್ಟರೆ ಕಾಗದದ ಮೇಲೆ ಜಮೀನು ಬೆಳೆಯುತ್ತದೆ. ಕೈಬರಹದ ಕಾಲದಲ್ಲಿ ಇಂಥದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಬೆಳಕಿಗೆ ಬಂತು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಮುದ್ರಣವಾಗಿ ಬರತೊಡಗಿತು, ಜೊತೆಗೆ ಹಳೆಯ ತಪ್ಪುಗಳೂ ಅಚ್ಚುಕಟ್ಟಾಗಿ ಮುದ್ರಣವಾಗಿ ಬಂದವು. ಭೂಮಿ ತಪ್ಪುಗಳನ್ನು ಸೃಷ್ಟಿಸಿತು ಎಂದು ದೂರುವವರಿದ್ದಾರೆ. ಬೆರಳಚ್ಚಿನಲ್ಲಿ ಆದವು ಇರಬಹುದು, ಆದರೆ ಹೆಚ್ಚಿನವು ಇದ್ದದ್ದೇ ಕಂಡದ್ದು ಎಂದು ನನ್ನ ಅಭಿಪ್ರಾಯ.

ಎರಡು ಲೆನ್ಸುಗಳನ್ನು ಒಟ್ಟಿಗೆ ಬಳಸಿ ಎರಡು ಜಾಗ ಬದಲಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಎರಡೂ ಬೇರೆ ಬೇರೆ ಜಾಗ ನೋಡುತ್ತಿದ್ದರೆ ಸರಿ. ಎರಡರ ನೋಟವೂ ಒಂದರ ಮೇಲೊಂದು ಬಿದ್ದರೆ ಕಟ್ಟಲೆ ಮುರಿಯುತ್ತದೆ, ಮೊದಲು ಇಟ್ಟದ್ದನ್ನು ಎರಡನೆಯದು ತುಳಿಯುತ್ತದೆ. ಕ್ಮೆಟ್‌ನ ಲೈಬ್ರರಿಯಲ್ಲಿ ಎರಡು ಲೆನ್ಸುಗಳನ್ನು ಹಾಗೆ ಜೋಡಿಸುವ ಉಪಕರಣ ಇದೆ. ಅದನ್ನು ಇಟ್ಟಿರುವ ವಿಭಾಗದ ಹೆಸರೇ ‘ಅನ್‌ಸೌಂಡ್’, ಭದ್ರವಲ್ಲದ್ದು. ನೋಟಗಳು ಬೇರೆ ಬೇರೆ ಎಂದು ನೀವೇ ಖಾತರಿ ಮಾಡಿಕೊಳ್ಳಬೇಕು. ಕಂದಾಯ ಇಲಾಖೆಯ ಖಾತರಿಗೆ 11ಇ ನಕ್ಷೆ ಎಂದು ಹೆಸರು. ಒಂದು ಸರ್ವೆ ನಂಬರಿನ ತುಂಡನ್ನು ಮಾರುವುದಾದರೆ ನೋಂದಣಿಗೆ ಮುಂಚೆಯೇ ಭೂಮಾಪಕರು ಬಂದು ಅಳೆದು, ಯಾವ ತುಂಡು ಯಾರದ್ದೆಂದು ನಕ್ಷೆ ಬರೆಯಬೇಕು. ಮೊದಲು ಮಾರಿ ಆಮೇಲೆ ಅಳೆಯುತ್ತಿದ್ದ ಕಾಲದಲ್ಲಿ ಒಂದೇ ಹತ್ತು ಗುಂಟೆ ಇಬ್ಬರ ಪತ್ರಗಳಲ್ಲಿ ಇರುತ್ತಿತ್ತು. ಅಂಥ ಗುಂಟೆಗಳ ಮೇಲೆ ಬೆಳೆದದ್ದು ರಾಗಿಯಲ್ಲ, ಕೇಸು.

ಟ್ರಾವರ್ಸಲ್ಲಿಗೆ ಮತ್ತೊಂದು ಗುಣವಿದೆ, ಅದನ್ನು ಹೇಳಲು ನಮ್ಮ ಮನೆಯ ಕಾಗದಕ್ಕೆ ಬರಬೇಕು. ಟ್ರಾವರ್ಸಲ್ ತನಗೆ ಕಾಣುವ ಜಾಗಗಳನ್ನೆಲ್ಲ ಮುಟ್ಟುತ್ತದೆ, ಹತ್ತಿರಲಿ, ಒಂದಿರಲಿ, ಸೊನ್ನೆಯಿರಲಿ. ತನಗೆ ಕಾಣದ್ದರ ಬಗ್ಗೆ ತಕರಾರು ಹೇಳುವುದಿಲ್ಲ. ಯಾರಾದರೂ ಬಿಟ್ಟುಹೋಗಿದ್ದರೆ ಅದಕ್ಕೆ ತಿಳಿಯುವುದೇ ಇಲ್ಲ.

ನಮ್ಮಜ್ಜ ತೀರಿಕೊಂಡದ್ದು 1998ರಲ್ಲಿ. ಮಾಲೀಕರು ಸತ್ತ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅದಕ್ಕೆ ವಂಶವೃಕ್ಷ ಬೇಕು. ಪ್ರೋಗ್ರಾಮರುಗಳು ‘ಟ್ರೀ’ ಎನ್ನುವ ರಚನೆಯೇ ಅದು, ಮೇಲೆ ಬೇರು, ಕೆಳಗೆ ಎಲೆಗಳು. ಮರದ ಎಲೆ ಎಲೆಗೂ ಹೋಗಿ ಹೆಸರು ತೆಗೆದು 9ನೇ ಕಾಲಂನಲ್ಲಿ ಜಂಟಿಯಾಗಿ ಬರೆಯುತ್ತಾರೆ. ನಮ್ಮ ಮನೆಯವರು ಬರೆಸಿದ ಮರದಲ್ಲಿ ಅಜ್ಜಿ, ನಮ್ಮಪ್ಪ, ಚಿಕ್ಕಪ್ಪ ಇದ್ದರು. ನಡುವೆ ಹುಟ್ಟಿದ ಅತ್ತೆ ಇರಲಿಲ್ಲ. ಆ ಕಾಲದಲ್ಲಿ ಅದನ್ನು ಯಾರೂ ಬಿಟ್ಟದ್ದು ಎಂದುಕೊಳ್ಳಲಿಲ್ಲ, ಮದುವೆಯಾಗಿ ಹೋದವಳ ಹೆಸರು ಇಲ್ಲಿ ಯಾಕೆ ಎಂಬ ಲೆಕ್ಕ. ಕೊಟ್ಟ ಮರವನ್ನು ಹಿಡಿದು ಆದ ಮ್ಯುಟೇಶನ್ ತನ್ನ ಮಟ್ಟಿಗೆ ಸರಿಯಾಗಿಯೇ ಆಗಿತ್ತು.

ಕಾನೂನು ಈ ಮರದ ರೂಪವನ್ನು ಹಲವು ಸಲ ತಿದ್ದಿದೆ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಅತ್ತೆಯ ಮದುವೆ 1981ರಲ್ಲಿ. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆಯಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಜಗ್ಗಾಟ 15 ವರ್ಷ ನಡೆದು, 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇಕಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲುಗಳನ್ನು ಕೆದಕುವಂತಿಲ್ಲ, ಆದರೆ ನಮ್ಮ ಮನೆಯಲ್ಲಿ ಪಾಲೇ ಆಗಿರಲಿಲ್ಲ.

ಆ ವರ್ಷ ಊರ ಹಬ್ಬಕ್ಕೆ ಬಂದ ಅತ್ತೆ ಪಹಣಿಯನ್ನು ಕೈಗೆ ತೆಗೆದುಕೊಂಡು, “ಇದ್ರಲ್ಲಿ ನನ್ನೆಸ್ರು ಎಲ್ಲೈತಪ್ಪ?” ಎಂದಳು. ಅವಳಿಗೆ ಓದಲು ಚೆನ್ನಾಗಿ ಬರುತ್ತದೆ.

“ಇಲ್ಲ ಅತ್ತೆ,” ಅಂದೆ.

“ಅಣ್ಣನ್ನ ಕೇಳು, ಯಾಕಿಲ್ಲ ಅಂತ.”

ಅಪ್ಪ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ಚಿಕ್ಕಪ್ಪನನ್ನು ಕರೆಸಿ, ಹೊಸ ವಂಶವೃಕ್ಷ ಮಾಡಿಸೋಣ ಎಂದ. ಚಿಕ್ಕಪ್ಪ ಹಕ್ಕು ಖುಲಾಸೆ ಬರೆಸಿಕೊಂಡು ಸ್ವಲ್ಪ ದುಡ್ಡು ಕೊಟ್ಟರಾಯಿತಲ್ಲ ಎಂದ. ಅತ್ತೆ ಒಪ್ಪಲಿಲ್ಲ.

ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಹಕ್ಕೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಪಹಣಿ ಒಂದು ನೋಟ, ಮೂಲವಲ್ಲ. ಭೂಕಂದಾಯ ಕಾಯ್ದೆಯ 133ನೇ ಕಲಂ ಕೂಡ ಅಷ್ಟೇ ಹೇಳುತ್ತದೆ. ಬೇರೆಯದು ರುಜುವಾತಾಗುವವರೆಗೆ ಪಹಣಿಯ ನಮೂದು ನಿಜವೆಂದು ಭಾವಿಸತಕ್ಕದ್ದು. ಹೆಸರು ಸೇರಿಸಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಬಿಟ್ಟ ಮಾತ್ರಕ್ಕೆ ಸಾಯುವುದೂ ಇಲ್ಲ. 1981ರ ಪ್ರಬಂಧದವರು ತಲೆಕೆಡಿಸಿಕೊಂಡದ್ದು ಇದೇ ನೋಟ ಮತ್ತು ಮೂಲದ ನಡುವಿನ ಕಂದಕಕ್ಕೆ. ಆದರೆ ಬ್ಯಾಂಕಿನವರು, ಪರಿಹಾರ ಕೊಡುವವರು, ಕೊಳ್ಳಲು ಬರುವವರು ಎಲ್ಲರೂ ನೋಡುವುದು ನೋಟವನ್ನೇ. ಹಾಗಾಗಿ ಅತ್ತೆಯ ಹಟ ಸರಿಯಾಗಿತ್ತು.

ಪಾಲು ಮಾಡಲು ಹೊರಟಾಗ ನಮ್ಮದೂ 3 ಮತ್ತು 9ರ ಕತೆ ಎಂದು ಗೊತ್ತಾಯಿತು. ಒಟ್ಟು 2 ಎಕರೆ 20 ಗುಂಟೆ, ಅದರಲ್ಲಿ 4 ಗುಂಟೆ ಖರಾಬು, ಉಳಿಯುವುದು 2 ಎಕರೆ 16 ಗುಂಟೆ. 9ನೇ ಕಾಲಂನಲ್ಲಿ ಖರಾಬನ್ನು ಕಳೆಯದೆ 2 ಎಕರೆ 20 ಗುಂಟೆ ಎಂದೇ ಇತ್ತು. ಯಾವ ಕಾಲದಲ್ಲಿ ಯಾರ ಕೈಯಲ್ಲಿ ಆಯಿತೋ. ಅದು ತಿದ್ದುಪಡಿಯಾಗುವವರೆಗೆ ಮುಂದಿನದು ಯಾವುದೂ ನಡೆಯಲಿಲ್ಲ. ಒಂದು ಕಡೆ ಸೋತರೆ ಒಟ್ಟೂ ಸೋಲಬೇಕು ಎಂಬ ನಿಯಮವನ್ನು ಪ್ರೋಗ್ರಾಮಿನಲ್ಲಿ ಬರೆಯುವಾಗ ಸಂತೋಷವಾಗುತ್ತದೆ. ಅದರ ಇನ್ನೊಂದು ತುದಿಯಲ್ಲಿ ಕಾಯುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಆದರೂ ನಿಯಮ ಬೇಕು ಎಂದೇ ಹೇಳುತ್ತೇನೆ. 100 ಗುಂಟೆಯನ್ನು ಮೂವರಿಗೆ ಹಂಚಿದ್ದರೆ ಇಲ್ಲದ 4 ಗುಂಟೆ ಯಾರ ಪಾಲಿಗೆ ಬೀಳುತ್ತಿತ್ತು ಎಂದು ಈಗಲೇ ಹೇಳಬಲ್ಲೆ.

ಅಜ್ಜಿ 2011ರಲ್ಲಿ ಹೋಗಿದ್ದರು. 96 ಗುಂಟೆ ಮೂವರು ಮಕ್ಕಳಿಗೆ 32ರಂತೆ. ಭೂಮಾಪಕರು ಬಂದು ಸರಪಳಿ ಹಿಡಿದು ಅಳೆದರು, 11ಇ ನಕ್ಷೆಯಾಯಿತು, ವಿಭಾಗಪತ್ರ ನೋಂದಣಿಯಾಯಿತು, ಮೂರು ಹಿಸ್ಸಾಗಳಾದವು. ನಡುವಿನ ತುಂಡು ಅತ್ತೆಯದು. ಅದರ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಅಣ್ಣನ ಜಮೀನು, ಪಶ್ಚಿಮಕ್ಕೆ ತಮ್ಮನ ಜಮೀನು ಎಂದಿದೆ. ಅಜ್ಜನ ಹೆಸರಿನ ಹಳೆಯ ಪಹಣಿಗಳೂ ಇವೆ, ವರ್ಷ ಹೇಳಿ ಕೇಳಿದರೆ ಈಗಲೂ ಸಿಗುತ್ತವೆ.

ನಮ್ಮ ಹೊಲದ ದಕ್ಷಿಣಕ್ಕಿರುವವರು 1987ರಲ್ಲಿ ತಮ್ಮ ಜಮೀನು ಕೊಂಡವರು. ಅವರ ಕ್ರಯಪತ್ರವನ್ನು ಅಳತೆಯ ದಿನ ತಂದು ತೋರಿಸಿದ್ದರು. ಬೆಂಗಳೂರು ಗ್ರಾಮಾಂತರ ಜಿಲ್ಲೆ, ಮಾಗಡಿ ತಾಲ್ಲೂಕು, ತಿಪ್ಪಸಂದ್ರ ಹೋಬಳಿ. ಉತ್ತರಕ್ಕೆ, ನಮ್ಮಜ್ಜನ ಹೆಸರು ಬರೆದು, ಇವರ ಜಮೀನು ಎಂದಿದೆ.